ಹಳೆ ಪಿಕಪ್ ಗಾಡಿಯ ಸ್ಟೀರಿಂಗ್, ಪಟ್ಟಾ, ಶಾಕ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಕಲಬುರಗಿಯ ನೆಹರು ಗಂಜ್ ಧಾನ್ಯ ಮಾರುಕಟ್ಟೆಯ ಕಡೆ ತೊಗರಿ ಗಾಡಿಗಳ ಸಾಲು ಶುರುವಾಗುತ್ತದೆ. ಅದರಲ್ಲಿ ಹತ್ತು, ಹದಿನೈದು ವರ್ಷ ಓಡಿದ ಪಿಕಪ್‌ಗಳೂ ಬೇಕಾದಷ್ಟು. ಎಂಜಿನ್ ಇನ್ನೂ ಗಟ್ಟಿ ಇರುತ್ತದೆ. ಸವೆದಿರುವುದು ಕೆಳಗಿನ ಸಾಮಾನು: ಮುಂದಿನ ಎರಡು ಗಾಲಿಗಳನ್ನು ಜೊತೆಯಾಗಿ ತಿರುಗಿಸುವ ಟೈ ರಾಡ್, ಗಾಲಿ ತಿರುಗಲು ಆಸರೆಯಾದ ಕಿಂಗ್ ಪಿನ್, ಭಾರ ಹೊರುವ ಕಮಾನು ಪಟ್ಟಿಗಳಾದ ಪಟ್ಟಾ, ಜೋಡಣೆಯ ತೂತಿನೊಳಗಿನ ಕವಚವಾದ ಬುಷ್, ಕುಣಿತ ನಿಲ್ಲಿಸುವ ಶಾಕ್. ನನ್ನದೂ 2009ರ ಮಾಡೆಲ್ ಗಾಡಿ. ಅದರ ಅಡಿಯಲ್ಲಿ ಮಲಗಿ ಕಲಿತದ್ದನ್ನು, ಒಳ್ಳೆಯ ಮಿಸ್ತ್ರಿಗಳಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ನನ್ನವಲ್ಲ. ಸುಗ್ಗಿಗೆ ಮುಂಚೆ ಗಾಡಿಯವರು ಫೋನ್ ಮಾಡಿ ಕೇಳುವಂಥವು.

ಗಾಡಿ ಒಂದು ಕಡೆ ಎಳೆಯುತ್ತಿದೆ, ಸ್ಟೀರಿಂಗ್ ಲೂಸ್ ಅನಿಸುತ್ತಿದೆ. ಯಾವ ಸಾಮಾನು ತರಲಿ?

ಈಗಲೇ ಏನೂ ತರಬೇಡಿ. ಮೊದಲು ಗಾಡಿ ಕೆಳಗೆ ಹೋಗಿ ಕೈಯಿಟ್ಟು ನೋಡಿ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನನ್ನ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಲೋಡ್ ಇದ್ದಾಗ ಜಾಸ್ತಿ. ಒಬ್ಬರು ಟೈರ್ ಅಂದರು, ಮುಂದಿನ ಎರಡೂ ಟೈರ್ ಹೊಸವು ಹಾಕಿಸಿದೆ. ಇನ್ನೊಬ್ಬರು ಶಾಕ್ ಅಂದರು, ಅದನ್ನೂ ಹಾಕಿಸಿದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಎಳೆತ ಹೋಗಲಿಲ್ಲ. ಕೊನೆಗೆ ಜೇವರ್ಗಿ ರಸ್ತೆಯಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಸಿಕ್ಕರು. ಅವರು ಪಾನಾ ಮುಟ್ಟಲೇ ಇಲ್ಲ. "ನೇರ ರಸ್ತೆ ಮ್ಯಾಲ ಮುಂದ ಹೋಗ್ರಿ" ಅಂದು ಹಿಂದೆ ನಿಂತು ನೋಡಿದರು. ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುತ್ತಿರಲಿಲ್ಲ, ಗಾಡಿ ಓರೆಯಾಗಿ ಓಡುತ್ತಿತ್ತು. ಹಿಂದಿನ ಪಟ್ಟಾಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿತ್ತು. ತೊಂದರೆ ಇದ್ದದ್ದು ಒಂದು ಬೋಲ್ಟಿನಲ್ಲಿ. ನಾನು ದುಡ್ಡು ಸುರಿದದ್ದು ಬೇರೆ ಎಲ್ಲದರ ಮೇಲೆ.

ಅದಕ್ಕೇ ಹೇಳುತ್ತೇನೆ: ಸವೆದದ್ದು ಯಾವುದು ಅಂತ ಕಣ್ಣಿಗೆ ಕಾಣುವವರೆಗೆ, ಇಲ್ಲವೇ ಬೆರಳಿಗೆ ತಿಳಿಯುವವರೆಗೆ ಅಂಗಡಿಗೆ ಹೋಗಬೇಡಿ.

ಮನೆ ಮುಂದೆಯೇ ಪರೀಕ್ಷೆ ಮಾಡಬಹುದಾ? ಏನೇನು ಬೇಕು?

ಬೇಕಾಗುವುದು ಒಬ್ಬ ಜೊತೆಗಾರ, ಒಂದು ಜಾಕ್, ಒಂದು ಗಟ್ಟಿ ಸ್ಟ್ಯಾಂಡ್, ಒಂದು ಸಣ್ಣ ಹಾರೆ, ಟಾರ್ಚ್. ನೆಲ ಸಮ ಇರಬೇಕು. ಹೊಲದ ಮಣ್ಣಿನ ಮೇಲೆ ಜಾಕ್ ಹಾಕಬೇಡಿ, ಎರೆ ಮಣ್ಣಿನಲ್ಲಿ ಅದು ಹೂತುಹೋಗುತ್ತದೆ. ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ.

ಮೊದಲನೆಯದು ಗಾಲಿ ಎತ್ತದೆ ಮಾಡುವ ಪರೀಕ್ಷೆ. ಇದೇ ಎಲ್ಲಕ್ಕಿಂತ ಒಳ್ಳೆಯದು ಅಂತ ನನ್ನ ಅನುಭವ. ಗಾಡಿ ನೆಲದ ಮೇಲೆ ನಿಂತಿರಲಿ, ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಜೊತೆಗಾರ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ. ಪೂರ್ತಿ ತಿರುಗಿಸಬಾರದು. ನೀವು ಮುಂದಿನಿಂದ ಬಗ್ಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಿ. ಸ್ಟೀರಿಂಗ್ ಬಾಕ್ಸಿನಿಂದ ಶುರು ಮಾಡಿ. ಬಾಕ್ಸ್ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಕೂತಿರುವ ಬೋಲ್ಟ್, ಬಾಕ್ಸಿನಿಂದ ಹೊರಬರುವ ಪಿಟ್‌ಮ್ಯಾನ್ ಆರ್ಮ್, ಅದರಿಂದ ಗಾಲಿಯ ಕಡೆ ಹೋಗುವ ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಎದುರು ಬದಿಯಲ್ಲಿ ರಾಡಿಗೆ ಆಸರೆ ಕೊಡುವ ಐಡ್ಲರ್ ಆರ್ಮ್ ಇರುವ ಗಾಡಿಯಾದರೆ ಅದನ್ನೂ ನೋಡಿ. ಎಲ್ಲಿ ಒಂದು ಕಡೆಯ ಕಬ್ಬಿಣ ಮೊದಲು ಚಲಿಸಿ, ಇನ್ನೊಂದು ಕಡೆಯದು ತಡವಾಗಿ ಹಿಂಬಾಲಿಸುತ್ತದೋ ಅಲ್ಲಿಯೇ ಆಟ, ಅಂದರೆ ಸಡಿಲು, ಇದೆ. ಒಳಗೆ "ಟಕ್" ಅನ್ನುವುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಜಾಯಿಂಟ್ ತಿರುಗುವುದು ಸಹಜ. ಮೇಲೆ ಕೆಳಗೆ, ಹಿಂದೆ ಮುಂದೆ ಜಿಗಿಯುವುದು ಸಹಜ ಅಲ್ಲ.

ಎರಡನೆಯದಕ್ಕೆ ಮುಂದಿನ ಗಾಲಿ ಎತ್ತಿ. ಗಡಿಯಾರದ ಮುಳ್ಳು ನೆನಪಿಸಿಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಅದು ವೀಲ್ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ (ಕಿಂಗ್ ಪಿನ್ ಇಲ್ಲದ ಗಾಡಿಯಲ್ಲಿ ಅದೇ ಕೆಲಸ ಮಾಡುವ ಗುಂಡು ತಲೆಯ ಜೋಡಣೆ). 9 ಮತ್ತು 3ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಹೆಚ್ಚಾಗಿ ಟೈ ರಾಡ್ ಕಡೆಯದು. ಆಮೇಲೆ ಗಾಲಿಯ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ ನೋಡಿ. ಮೇಲೆ ಕೆಳಗೆ ಕುಣಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಬೇರಿಂಗ್ ಲೂಸೋ, ಕಿಂಗ್ ಪಿನ್ ಲೂಸೋ ಹೇಗೆ ತಿಳಿಯುವುದು?

ಸುಲಭ. 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸುವಾಗ ಜೊತೆಗಾರ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಆಟ ನಿಂತುಹೋದರೆ ಅದು ಬೇರಿಂಗಿನದು. ಬ್ರೇಕ್ ಒತ್ತಿದಾಗಲೂ ಅಲ್ಲಾಡಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಬೇರಿಂಗ್ ಬರೀ ಅಡ್ಜಸ್ಟ್ ಮಾಡಿದರೆ ಮುಗಿಯುವ ಕೆಲಸ ಇರಬಹುದು. ಹೀಗಾಗಿ ಈ ಒಂದು ನಿಮಿಷದ ಪರೀಕ್ಷೆಯಿಂದ ಒಂದು ದಿನದ ಕೂಲಿಯೇ ಉಳಿಯುವುದುಂಟು.

ನನ್ನ ಗಾಡಿಗೆ ಕಿಂಗ್ ಪಿನ್ ಇದೆಯೋ, ಬಾಲ್ ಜಾಯಿಂಟೋ?

ಹೆಸರು ಕೇಳಿ ಹೇಳುವುದಕ್ಕಿಂತ ಕೆಳಗೆ ನೋಡಿ ಹೇಳುವುದು ಒಳ್ಳೆಯದು. ಒಂದೇ ಹೆಸರಿನ ಪಿಕಪ್‌ಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಮುಂಭಾಗ ಬಂದಿರುತ್ತದೆ. ಮುಂದೆ ಎಡದಿಂದ ಬಲಕ್ಕೆ ಒಂದೇ ದಪ್ಪ ಆಕ್ಸಲ್ ಇದ್ದು, ಅದರ ಮೇಲೆ ಪಟ್ಟಾ ಕೂತಿದ್ದರೆ ಸಾಮಾನ್ಯವಾಗಿ ಅದು ಕಿಂಗ್ ಪಿನ್ ಗಾಡಿ. 2005ರಲ್ಲಿ ಬಂದ ಟಾಟಾ ಏಸ್, ನಮ್ಮ ಕಡೆಯವರ ಛೋಟಾ ಹಾಥಿ, ಇದೇ ಜಾತಿ. ಎರಡೂ ಕಡೆ ಬೇರೆ ಬೇರೆ ಆರ್ಮ್ ಇದ್ದು, ನಡುವೆ ಕಾಯಿಲ್ ಸ್ಪ್ರಿಂಗ್ ಅಥವಾ ಚಾಸಿಯ ಉದ್ದಕ್ಕೆ ಹೋಗಿ, ತಿರುಚಿಕೊಂಡೇ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಇದ್ದರೆ ಬಾಲ್ ಜಾಯಿಂಟ್ ಇರುತ್ತದೆ.

ಬಾಲ್ ಜಾಯಿಂಟ್ ನೋಡುವಾಗ ಒಂದು ಮಾತು. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜಾಕನ್ನೂ ಆ ಆರ್ಮ್ ಕೆಳಗೇ ಕೊಡಬೇಕು. ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಒತ್ತಡ ಜಾಯಿಂಟನ್ನು ಬಿಗಿ ಹಿಡಿದಿರುತ್ತದೆ. ಸವೆದದ್ದೂ ಗಟ್ಟಿಯಾಗಿಯೇ ಕಾಣುತ್ತದೆ.

ನಮ್ಮ ಕಡೆಯ ಗಾಡಿಗಳಿಗೆ ಇಷ್ಟು ಬೇಗ ಸವೆಯುವುದು ಯಾಕೆ?

ಲೋಡ್ ಒಂದು ಕಾರಣ. ಮಣ್ಣು ಇನ್ನೊಂದು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಜೊತೆಗೆ ಏಳುತ್ತದೆ, ಇಳಿಯುತ್ತದೆ. ಡಾಂಬರು ಚೆನ್ನಾಗಿ ಕಂಡರೂ ಅಲೆ ಅಲೆಯಾಗಿರುತ್ತದೆ. ಗಾಲಿ ಆ ಅಲೆಯಲ್ಲಿ ದಿನಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಗುತ್ತದೆ. ಪ್ರತಿ ಸಲವೂ ಬುಷ್, ಪಿನ್, ಜಾಯಿಂಟ್ ತಿರುಗಬೇಕು. ಹುಮನಾಬಾದ್, ಕಲಬುರಗಿ, ಜೇವರ್ಗಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಾತ್ರ ಓಡುವ ಗಾಡಿಗೂ, ಅದರಿಂದ ಇಳಿದು ಹೊಲದ ದಾರಿ ಹಿಡಿಯುವ ಗಾಡಿಗೂ ಬಾಳಿಕೆಯಲ್ಲಿ ತುಂಬ ವ್ಯತ್ಯಾಸ ಬರುತ್ತದೆ.

ಮೂರನೆಯದು ಧೂಳು ಮತ್ತು ನೀರು. ಜಾಯಿಂಟಿನ ಮೇಲೆ ರಬ್ಬರ್ ಬೂಟು ಇರುತ್ತದಲ್ಲ, ಅದು ಹರಿದರೆ ಗ್ರೀಸ್ ಹೊರಗೆ ಬಂದು ಧೂಳು ಒಳಗೆ ಹೋಗುತ್ತದೆ. ಸೇಡಂ, ಚಿತ್ತಾಪುರ ಕಡೆಯ ಕಲ್ಲುಪುಡಿಯಾಗಲಿ, ಬೀದರಿನ ಕೆಂಪು ಜಂಬಿಟ್ಟಿಗೆ ಹುಡಿಯಾಗಲಿ, ಶಹಾಪುರ, ಸುರಪುರದ ಗದ್ದೆಗಳ ಕೆಸರಾಗಲಿ, ಒಳಗೆ ಹೋದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ ತಿನ್ನುತ್ತದೆ. ಬೂಟು ಹರಿದಿದೆ, ಆಟ ಇನ್ನೂ ಇಲ್ಲ ಅಂದರೆ ಬೂಟು ಮಾತ್ರ ಬದಲಾಯಿಸಿ ಬಚಾವಾಗಬಹುದು. ತಡ ಮಾಡಿದರೆ ಜಾಯಿಂಟೇ ಹೋಗುತ್ತದೆ.

ಟೈ ರಾಡ್ ಎಂಡ್ ನಾನೇ ಬದಲಾಯಿಸಬಹುದಾ?

ಎಂಡ್ ಅಂದರೆ ಟೈ ರಾಡಿನ ತುದಿಯ ಬಾಲ್ ಜೋಡಣೆ. ಪಾನಾ ಹಿಡಿದು ಅಭ್ಯಾಸ ಇರುವವರು ಮಾಡಬಹುದು. ಮೊದಲ ಸಲ ಮಾತ್ರ ತಿಳಿದವರೊಬ್ಬರು ಪಕ್ಕದಲ್ಲಿರಲಿ.

ಬಿಚ್ಚುವ ಮುಂಚೆ ಅಳತೆ ತೆಗೆದುಕೊಳ್ಳಿ. ಟೈ ರಾಡಿನ ಒಂದು ತುದಿಯ ಬಾಲಿನ ನಡುವಿನಿಂದ ಇನ್ನೊಂದು ತುದಿಯ ಬಾಲಿನ ನಡುವಿನವರೆಗೆ ಟೇಪ್ ಹಿಡಿದು ಬರೆದಿಡಿ. ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ಒಂದು ಕಡೆಯ ಆಟೆ (ಥ್ರೆಡ್) ಬಲಕ್ಕೆ, ಇನ್ನೊಂದು ಕಡೆಯದು ಎಡಕ್ಕೆ ಬಿಗಿಯಾಗುವಂಥದ್ದು ಇರುತ್ತದೆ. ಅಂಗಡಿಯಲ್ಲಿ ಎಡವೋ ಬಲವೋ ಅಂತ ಹೇಳಿಯೇ ತನ್ನಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಇನ್ನೂ ಒಳ್ಳೆಯದು.

ನಟ್ ತಾನಾಗಿ ತಿರುಗದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ. ಪೂರ್ತಿ ತೆಗೆಯಬೇಡಿ, ಮೂರ್ನಾಲ್ಕು ಆಟೆಯ ಮೇಲೆ ಇರಲಿ. ಎಂಡ್ ಕೂತಿರುವ ತೂತು ಶಂಕುವಿನ ಆಕಾರದಲ್ಲಿದೆ, ಅದಕ್ಕೇ ಗಟ್ಟಿಯಾಗಿ ಹಿಡಿದಿರುತ್ತದೆ. ಪುಲ್ಲರ್ ಇದ್ದರೆ ಅದೇ ಹಾಕಿ. ಇಲ್ಲದಿದ್ದರೆ ಎರಡು ಸುತ್ತಿಗೆ ಸಾಕು. ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದರಿಂದ ಜೋರಾಗಿ ಹೊಡೆಯಿರಿ. ಏಟು ಬೀಳಬೇಕಾದದ್ದು ಆರ್ಮಿನ ಬದಿಗೆ, ಆಟೆಯ ತುದಿಗಲ್ಲ. ನಾಲ್ಕೈದು ಏಟಿಗೆ "ಟಪ್" ಅಂತ ಬಿಡುತ್ತದೆ. ಬರುತ್ತಿಲ್ಲ ಅಂತ ಗ್ಯಾಸ್ ಹಚ್ಚಿ ಕಾಯಿಸಬೇಡಿ. ಸ್ಟೀರಿಂಗ್ ಆರ್ಮನ್ನು ಕೆಂಪಗೆ ಕಾಯಿಸಿದರೆ ಅದರ ಗಟ್ಟಿತನ ಹೋಗುತ್ತದೆ. ಮುಂದೆ ಎಂದೋ ಅದು ಬಿರುಕು ಬಿಟ್ಟರೆ ನಿಮಗೆ ಗೊತ್ತೂ ಆಗುವುದಿಲ್ಲ.

ಹೊಸದು ಹಾಕುವ ಮುಂಚೆ ತೂತನ್ನು ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಎಣ್ಣೆ, ಗ್ರೀಸ್ ಹಚ್ಚಬಾರದು. ಎಣಿಸಿದಷ್ಟೇ ಸುತ್ತು ತಿರುಗಿಸಿ, ಬರೆದಿಟ್ಟ ಅಳತೆಗೆ ಹೊಂದಿಸಿ. ಕ್ಲಾಂಪ್ ಬೋಲ್ಟ್ ಬಿಗಿ ಮಾಡಿ. ನಟ್ ತಿರುಗಿಸುವಾಗ ಬಾಲ್ ಕೂಡ ಜೊತೆಗೆ ತಿರುಗಿದರೆ ಕೆಳಗಿನಿಂದ ಜಾಕ್ ಕೊಟ್ಟು ಸ್ವಲ್ಪ ಒತ್ತಿ, ನಿಲ್ಲುತ್ತದೆ. ಸ್ಪ್ಲಿಟ್ ಪಿನ್ ತೂತು ಸರಿ ಹೊಂದದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿಯೇ ಹೊಂದಿಸಬೇಕು. ಹಿಂದಕ್ಕೆ ಸಡಿಲಿಸಿ ಹೊಂದಿಸುವ ಹಾಗಿಲ್ಲ. ಪಿನ್ ಹೊಸದೇ ಇರಲಿ. ಹಳೆಯ ಪಿನ್ ನೇರ ಮಾಡಿ ಹಾಕುವುದು, ತಂತಿ ಸುತ್ತುವುದು ನಾನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಇಡೀ ಸ್ಟೀರಿಂಗಿನಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಬೇರೆ ಇಲ್ಲ, ಆ ನಟ್ಟನ್ನು ಕಾಯುವುದೂ ಅದೊಂದೇ.

ಕೊನೆಗೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಪೂರ್ತಿ ತಿರುಗಿಸಿ ನೋಡಿ. ಬ್ರೇಕ್ ಪೈಪ್ ಎಳೆಯುತ್ತಿಲ್ಲ, ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಆದ ಮೇಲೆ ನಿಧಾನಕ್ಕೆ ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಟೇಪಿನ ಅಳತೆ ಅಂಗಡಿಯವರೆಗೆ ಹೋಗಲು ಮಾತ್ರ.

ಒಂದೇ ಬದಿ ಹೋಗಿದ್ದರೆ ಎರಡೂ ಹಾಕಬೇಕಾ?

ಟೈ ರಾಡ್ ಎಂಡ್ ಆದರೆ ಎರಡೂ ಹಾಕಿ ಅನ್ನುತ್ತೇನೆ. ಎರಡೂ ಒಂದೇ ದಾರಿ ಓಡಿವೆ, ಅಲೈನ್‌ಮೆಂಟ್ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ. ಶಾಕ್ ಮತ್ತು ಸ್ಪ್ರಿಂಗ್ ಯಾವಾಗಲೂ ಜೋಡಿಯಾಗಿಯೇ. ವೀಲ್ ಬೇರಿಂಗ್ ಒಂದು ಬದಿ ಮಾತ್ರ ಹಾಕಿದರೂ ನಡೆಯುತ್ತದೆ.

ಕಿಂಗ್ ಪಿನ್ ಕಿಟ್ ಹಾಕಿಸಿದೆ. ಈಗ ಸ್ಟೀರಿಂಗ್ ತುಂಬ ಬಿಗಿ, ತಾನಾಗಿ ವಾಪಸ್ ಬರುತ್ತಿಲ್ಲ. ಯಾಕೆ?

ಬುಷ್‌ಗೆ ರೀಮರ್ (ತೂತನ್ನು ಸರಿ ಅಳತೆಗೆ ಕೊರೆಯುವ ಸಾಧನ) ಸರಿಯಾಗಿ ಹಾಕಿಲ್ಲ ಅನ್ನುವುದು ಮೊದಲ ಅನುಮಾನ. ಹೊಸ ಬುಷ್ ಒತ್ತಿ ಕೂಡಿಸಿದಾಗ ಒಳಗಿನ ಅಳತೆ ಸ್ವಲ್ಪ ಕಿರಿದಾಗುತ್ತದೆ. ಮೇಲಿನ ಬುಷ್, ಕೆಳಗಿನ ಬುಷ್ ಎರಡನ್ನೂ ಒಂದೇ ಉದ್ದ ರೀಮರಿನಿಂದ ಒಂದೇ ಸಾಲಿಗೆ ಬರುವ ಹಾಗೆ ಕೊರೆಯಬೇಕು. ಒಂದೊಂದನ್ನೇ ಬೇರೆ ಬೇರೆ ಉಜ್ಜಿದರೆ ಪಿನ್ ಓರೆಯಾಗಿ ಹಿಡಿಯುತ್ತದೆ. ಉಪ್ಪುಕಾಗದ ಸುತ್ತಿ ಉಜ್ಜಿ ಕೂಡಿಸುವವರಿದ್ದಾರೆ. ಅದು ಆರು ತಿಂಗಳಲ್ಲಿ ಮತ್ತೆ ಸಡಿಲ.

ಎರಡನೆಯ ಅನುಮಾನ ಗ್ರೀಸ್ ತೂತು. ಬುಷ್‌ನಲ್ಲಿರುವ ತೂತು ಗ್ರೀಸ್ ನಿಪ್ಪಲ್ ತೂತಿಗೆ ಎದುರಾಗಿ ಕೂರಬೇಕು. ಸ್ವಲ್ಪ ತಿರುಗಿ ಕೂತರೂ ನೀವು ಎಷ್ಟು ಗನ್ ಒತ್ತಿದರೂ ಗ್ರೀಸ್ ಒಳಗೆ ಹೋಗುವುದಿಲ್ಲ. ಮೂರನೆಯದು ಆಕ್ಸಲಿನ ಭಾರ ಹೊರುವ ಥ್ರಸ್ಟ್ ಬೇರಿಂಗ್ ತಲೆಕೆಳಗಾಗಿರುವುದು ಅಥವಾ ಸಂದು ತುಂಬುವ ತೆಳು ಬಿಲ್ಲೆಯಾದ ಶಿಮ್ ಜಾಸ್ತಿ ಆಗಿರುವುದು.

ಗಾಲಿ ಜೋಡಿಸುವ ಮುಂಚೆಯೇ ಹೋಗಿ ನೋಡಿ. ಟೈ ರಾಡ್ ಹಾಕಿರಬಾರದು. ಆಗ ನಕಲ್ (ಗಾಲಿ ಕೂರುವ, ಕಿಂಗ್ ಪಿನ್ ಮೇಲೆ ತಿರುಗುವ ಭಾಗ) ಕೈಯಿಂದ ಒಂದೇ ಸಮನೆ ತಿರುಗಬೇಕು. ಎಲ್ಲೂ ಹಿಡಿಯಬಾರದು, ಹಾಗಂತ ತಾನೇ ಜಾರಿ ಬೀಳುವಷ್ಟು ಸಡಿಲವೂ ಇರಬಾರದು. ಈ ಕೆಲಸ ಲೇತ್ ಇರುವ, ರೀಮರ್ ಇರುವ ಕಡೆಯೇ ಮಾಡಿಸಿ. ಮನೆಯಲ್ಲಿ ಮಾಡುವಂಥದ್ದಲ್ಲ.

ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡಿದರೆ ಆಟ ಹೋಗುತ್ತದಂತೆ?

ಹೋದ ಹಾಗೆ ಕಾಣುತ್ತದೆ. ಬಾಕ್ಸಿನ ಒಳಗೆ ಹೆಚ್ಚು ಸವೆಯುವುದು ನಡುಭಾಗ, ಯಾಕೆಂದರೆ ಗಾಡಿ ಹೆಚ್ಚು ಹೊತ್ತು ನೇರವೇ ಓಡುತ್ತದೆ. ನಡುವಿನ ಆಟ ಹೋಗುವಷ್ಟು ಬಿಗಿ ಮಾಡಿದರೆ ಎರಡೂ ತುದಿಯಲ್ಲಿ ಅತಿ ಬಿಗಿ ಆಗುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಸಿಕ್ಕಿಕೊಂಡ ಹಾಗಾಗುತ್ತದೆ. ಘಾಟಿಯಲ್ಲೋ ಸೇತುವೆ ಮೇಲೋ ಹಾಗಾದರೆ ಏನು ಗತಿ?

ಮೊದಲು ಹೊರಗಿನ ಜಾಯಿಂಟ್ ಎಲ್ಲ ಸರಿ ಮಾಡಿಸಿ. ಬಾಕ್ಸ್ ಬೋಲ್ಟ್ ಬಿಗಿ ಇದೆಯಾ, ಸ್ಟೀರಿಂಗ್ ಕಂಬದ ಕ್ರಾಸ್ ಜಾಯಿಂಟ್ ಸಡಿಲ ಇದೆಯಾ ನೋಡಿ. ಆಮೇಲೂ ಆಟ ಉಳಿದರೆ ಮಾತ್ರ ಬಾಕ್ಸ್ ಕಡೆ ಬನ್ನಿ. ಗಾಡಿ ನೇರ ನಿಂತಾಗ, ಗಾಲಿ ಚಲಿಸುವ ಮುಂಚೆ ಸ್ಟೀರಿಂಗ್ ಅಂಚು ಒಂದು ಇಂಚಿನ ಆಸುಪಾಸು ಆಡುವುದು ಹಳೆ ಬಾಕ್ಸ್ ಗಾಡಿಯಲ್ಲಿ ಇರುವಂಥದ್ದೇ. ನಿಮ್ಮ ಗಾಡಿಯ ಸರಿಯಾದ ಅಳತೆ ಕಂಪನಿಯ ಪುಸ್ತಕದಲ್ಲಿರುತ್ತದೆ. ಬಾಕ್ಸಿನಿಂದ ಆಯಿಲ್ ಸೋರುತ್ತಿದ್ದರೆ ಸೀಲ್ ಹಾಕಿಸಿ. ಬರೀ ಮೇಲೆ ಮೇಲೆ ಆಯಿಲ್ ತುಂಬುತ್ತಾ ಕೂತರೆ ಒಂದು ದಿನ ಒಣಗಿದ ಬಾಕ್ಸ್ ಒಳಗೇ ತಿಂದುಹೋಗಿರುತ್ತದೆ.

ಪಟ್ಟಾ ಒಂದು ತುಂಡಾಗಿದೆ. ವೆಲ್ಡಿಂಗ್ ಮಾಡಿಸಲಾ?

ಬೇಡ. ಪಟ್ಟಾ ಉಕ್ಕು ಬೇರೆ. ಕಾಯಿಸಿ ಹದ ಕೊಟ್ಟ ಉಕ್ಕು ಅದು. ವೆಲ್ಡಿಂಗ್ ಶಾಖಕ್ಕೆ ಆ ಹದ ಹೋಗಿ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಆರ್ಮ್‌ಗೂ ಇದೇ ಮಾತು. ಬಾಗಿದ್ದರೆ ಹೊಡೆದು ನೇರ ಮಾಡುವುದೂ ಬೇಡ, ಬದಲಾಯಿಸಿ.

ಉಳಿದ ಪಟ್ಟಾಗಳ ಬಾಗು ಚೆನ್ನಾಗಿದ್ದರೆ ಮುರಿದದ್ದನ್ನು ಮಾತ್ರ ಅದೇ ಅಗಲ, ಅದೇ ದಪ್ಪ, ಅದೇ ಬಾಗಿನದು ಹಾಕಿಸಿ. ಕಮಾನ್ ಪಟ್ಟಾ ಕೆಲಸದವರು ಹೊಂದಿಸಿ ಕೊಡುತ್ತಾರೆ. ಗಾಡಿ ಖಾಲಿ ಇರುವಾಗ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಎರಡೂ ಬದಿಯಲ್ಲಿ ನೆಲದಿಂದ ಚಾಸಿಯವರೆಗೆ ಅಳೆಯಿರಿ. ಒಂದು ಬದಿ ಎದ್ದು ಕಾಣುವಷ್ಟು ಕೆಳಗಿದ್ದರೆ ಆ ಸೆಟ್ ಕೂತಿದೆ ಅಂತ ಅರ್ಥ. ಕೂತ ಪಟ್ಟಾವನ್ನು ಹೊಡೆದು ಬಾಗು ಏರಿಸಿಕೊಡುತ್ತಾರೆ. ಅದು ಒಂದೆರಡು ಸುಗ್ಗಿಗೆ ಮತ್ತೆ ಕೂರುತ್ತದೆ ಅಂತ ತಿಳಿದುಕೊಂಡೇ ಮಾಡಿಸಿ.

ಜೋಡಿಸುವಾಗ ಸೆಂಟರ್ ಬೋಲ್ಟ್ ಮತ್ತು ಪಟ್ಟಾ ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹೊಸವು ಹಾಕಿಸಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಕೂರಬೇಕು. ಆದರೆ ಭಾರ ತಡೆಯುವುದು ಅದಲ್ಲ, ಯು ಬೋಲ್ಟಿನ ಬಿಗಿತ. ಯು ಬೋಲ್ಟ್ ಸಡಿಲಾದರೆ ಪಟ್ಟಾ ಒಂದರ ಮೇಲೊಂದು ಜಾರುತ್ತವೆ, ಸೆಂಟರ್ ಬೋಲ್ಟ್ ಕತ್ತರಿಸಿಹೋಗುತ್ತದೆ, ನನ್ನ ಗಾಡಿಗೆ ಆದದ್ದೇ ಆಗುತ್ತದೆ. ನಾಲ್ಕೂ ನಟ್ಟನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಮೊದಲ ಲೋಡ್ ಹೊಡೆದು ಬಂದ ಮೇಲೆ ಮತ್ತೊಮ್ಮೆ, ನಾಲ್ಕೈದು ನೂರು ಕಿಲೊಮೀಟರ್ ಆದ ಮೇಲೆ ಇನ್ನೊಮ್ಮೆ ಪಾನಾ ಹಾಕಿ. ಈ ಎರಡನೇ ಸಲದ ಬಿಗಿ ಮಾಡುವುದನ್ನೇ ಎಲ್ಲರೂ ಮರೆಯುತ್ತಾರೆ.

ಎಕ್ಸ್ಟ್ರಾ ಪಟ್ಟಾ ಹಾಕಿಸಿದರೆ ಜಾಸ್ತಿ ಲೋಡ್ ಹಾಕಬಹುದಲ್ವಾ?

ಗಾಡಿ ಕೂರುವುದು ಕಡಿಮೆ ಆಗುತ್ತದೆ. ಹೊರುವ ಶಕ್ತಿ ಜಾಸ್ತಿ ಆಗುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್, ಚಾಸಿ ಎಲ್ಲ ಹಳೆಯವೇ ಇವೆ. ಮೊದಲು ಪಟ್ಟಾ ತಡೆದುಕೊಳ್ಳುತ್ತಿದ್ದ ಏಟು ಈಗ ನೇರ ಚಾಸಿಗೆ, ಕಿಂಗ್ ಪಿನ್ನಿಗೆ ಹೋಗುತ್ತದೆ. ಹಿಂದೆ ಅತಿ ಭಾರ ಬಿದ್ದರೆ ಮುಂಭಾಗ ಹಗುರ ಆಗುತ್ತದೆ. ಆಗ ಸ್ಟೀರಿಂಗ್ ತೇಲಿದ ಹಾಗಿರುತ್ತದೆ.

ನಿಮ್ಮ ಆರ್‌ಸಿ ತೆಗೆದು ನೋಡಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದೇ ಲೋಡ್, ಅದರಲ್ಲಿ ಜನರೂ ಬಂದರು. ತೊಗರಿ ಚೀಲವಾದರೆ ತೂಕ ಮಾಡಿಯೇ ತುಂಬುತ್ತೇವೆ, ಲೆಕ್ಕ ಇರುತ್ತದೆ. ಮೋಸ ಮಾಡುವುದು ಶಹಾಬಾದ್ ಫರಸಿ (ನೆಲಹಾಸು ಕಲ್ಲು). ಎರಡಡಿಗೆ ಎರಡಡಿ, ಒಂದು ಇಂಚು ದಪ್ಪದ ಒಂದು ಕಲ್ಲು ಸುಮಾರು 25 ಕಿಲೊ ತೂಗುತ್ತದೆ. 60 ಕಲ್ಲು ಅಂದರೆ ಒಂದೂವರೆ ಟನ್. ಡಾಲಾದಲ್ಲಿ (ಹಿಂದಿನ ತೊಟ್ಟಿಯಲ್ಲಿ) ನೋಡಿದರೆ ಅರ್ಧವೂ ತುಂಬಿಲ್ಲ ಅನಿಸುತ್ತದೆ. "ಇನ್ನೊಂದಿಷ್ಟು ಹಾಕ್ರಿ" ಅನ್ನುವುದು ಅಲ್ಲೇ. ಕಲ್ಲು ಹೊಡೆಯುವವರು ಎಣಿಸಿ ತುಂಬಿ, ಹಿಂದಿನ ಗಾಲಿಯ ಸ್ವಲ್ಪ ಮುಂದಕ್ಕೆ ಭಾರ ಬರುವ ಹಾಗೆ ಜೋಡಿಸಿ.

ಬುಷ್ ಹಾಕಿಸಿ ಎರಡೇ ತಿಂಗಳಿಗೆ ಹರಿದುಹೋಯಿತು. ಸಾಮಾನು ಡೂಪ್ಲಿಕೇಟಾ?

ಇರಬಹುದು. ಆದರೆ ಮೊದಲು ಹೇಗೆ ಬಿಗಿ ಮಾಡಿದರು ಅಂತ ಕೇಳಿ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಲಿ ಜೋತುಬಿದ್ದಾಗ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಂಡೇ ಓಡಿ ಹರಿಯುತ್ತದೆ. ಬೋಲ್ಟ್ ಹಾಕಿ, ಗಾಡಿ ಇಳಿಸಿ, ಭಾರ ಗಾಲಿಯ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು.

ಕಿರುಗುಟ್ಟುತ್ತದೆ ಅಂತ ರಬ್ಬರಿಗೆ ಗ್ರೀಸ್, ಡೀಸೆಲ್ ಹೊಡೆಯಬೇಡಿ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ನಿಪ್ಪಲ್ ಇರುವ ಲೋಹದ ಬುಷ್‌ಗೆ ಮಾತ್ರ ಗ್ರೀಸ್.

ಶಾಕ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೈಮೇಲೆ ಆಯಿಲ್ ಇಳಿದು ಧೂಳು ಮೆತ್ತಿಕೊಂಡಿದ್ದರೆ ಹೋಗಿದೆ. ಟೈರ್ ಅಲ್ಲಲ್ಲಿ ಬಟ್ಟಲಿನ ಹಾಗೆ ಸವೆದಿದ್ದರೆ ಅದೂ ಒಂದು ಗುರುತು. ನಾನು ಮಾಡುವುದು ಇನ್ನೊಂದು. ಕೆಟ್ಟ ರಸ್ತೆಯಲ್ಲಿ ಹತ್ತು ಕಿಲೊಮೀಟರ್ ಓಡಿಸಿ ಬಂದು ನಾಲ್ಕೂ ಶಾಕನ್ನು ಹುಷಾರಾಗಿ ಮುಟ್ಟಿ ನೋಡುತ್ತೇನೆ. ಕೆಲಸ ಮಾಡಿದ ಶಾಕ್ ಬಿಸಿ ಆಗಿರುತ್ತದೆ. ಜೊತೆಯದು ಬಿಸಿ, ಇದು ತಣ್ಣಗೆ ಅಂದರೆ ಇದು ಬರೀ ಜೋತುಬಿದ್ದಿದೆ.

ಶಾಕ್ ಭಾರ ಹೊರುವುದಿಲ್ಲ ಅನ್ನುವುದೂ ನೆನಪಿರಲಿ. ಭಾರ ಹೊರುವುದು ಪಟ್ಟಾ. ಕುಣಿತ ನಿಲ್ಲಿಸುವುದು ಶಾಕ್. ಗಾಡಿ ಕೂತಿದೆ ಅಂತ ಶಾಕ್ ಬದಲಾಯಿಸಿದರೆ ಮೇಲೆ ಏಳುವುದಿಲ್ಲ.

ಕಾಯಿಲ್ ಸ್ಪ್ರಿಂಗ್, ಟಾರ್ಷನ್ ಬಾರ್ ಮನೆಯಲ್ಲಿ ಬಿಚ್ಚಬಹುದಾ?

ಬೇಡ. ಒತ್ತಿ ಕೂಡಿಸಿದ ಕಾಯಿಲ್ ಜಿಗಿದರೆ ಜೀವಕ್ಕೆ ಅಪಾಯ. ಹಗ್ಗ ಕಟ್ಟಿ, ತಂತಿ ಬಿಗಿದು ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿಗೇ ಒಯ್ಯಿರಿ. ಟಾರ್ಷನ್ ಬಾರ್ ಆದರೆ ಬಿಚ್ಚುವ ಮುಂಚೆ ಗುರುತು ಹಾಕಿಸಿ. ಎಡದ್ದು ಬಲಕ್ಕೆ ಹಾಕುವಂಥದ್ದಲ್ಲ.

ಮಳೆ ಬಂದ ಮರುದಿನದಿಂದ ಗಾಡಿ 50, 60ರ ವೇಗದಲ್ಲಿ ನಡುಗುತ್ತಿದೆ. ಏನು ಹೋಗಿರಬಹುದು?

ಏನೂ ಹೋಗಿರಲಿಕ್ಕಿಲ್ಲ. ಗಾಲಿ ಡಿಸ್ಕಿನ ಒಳಬದಿಗೆ ಕೈಹಾಕಿ ನೋಡಿ. ಎರೆ ಮಣ್ಣು ಒಂದೇ ಕಡೆ ಹೆಂಟೆಯಾಗಿ ಅಂಟಿ ಒಣಗಿರುತ್ತದೆ. ಅಷ್ಟಕ್ಕೇ ಬ್ಯಾಲೆನ್ಸ್ ತಪ್ಪುತ್ತದೆ. ಕೆರೆದು, ನೀರು ಹೊಡೆದು ತೊಳೆಯಿರಿ. ಆಮೇಲೂ ನಡುಗಿದರೆ ಟೈರ್ ಉಬ್ಬಿದೆಯಾ, ಬ್ಯಾಲೆನ್ಸಿಂಗ್ ಸರಿ ಇದೆಯಾ ನೋಡಿ, ಕೊನೆಗೆ ಕಿಂಗ್ ಪಿನ್, ಟೈ ರಾಡ್.

ಅಲೈನ್‌ಮೆಂಟ್ ಮೊದಲಾ, ಸಾಮಾನು ಮೊದಲಾ?

ಸಾಮಾನು ಮೊದಲು. ಸಡಿಲ ಜಾಯಿಂಟಿನ ಮೇಲೆ ಮಾಡಿದ ಅಲೈನ್‌ಮೆಂಟ್ ಮೊದಲ ತಗ್ಗಿಗೇ ಹೋಗುತ್ತದೆ. ಒಳ್ಳೆಯ ಅಂಗಡಿಯವರು ಆಟ ಇದ್ದರೆ ಗಾಡಿ ವಾಪಸ್ ಕಳಿಸುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ.

ಟೈರ್ ಸವೆತ ನೋಡಿದರೂ ಗೊತ್ತಾಗುತ್ತದೆ. ಅಂಗೈಯಿಂದ ಟೈರನ್ನು ಅಡ್ಡಕ್ಕೆ ಸವರಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಟೋ, ಅಂದರೆ ಮುಂದಿನ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ.

ಕಂಪನಿ ಸಾಮಾನೇ ಬೇಕಾ? ಲೋಕಲ್ ಹಾಕಿದರೆ ಏನಾಗುತ್ತದೆ?

ಸ್ಟೀರಿಂಗಿಗೆ ಸೇರಿದ್ದು ಯಾವುದಾದರೂ ಕಂಪನಿಯದು, ಇಲ್ಲವೇ ಕಂಪನಿಗೇ ಮಾಡಿಕೊಡುವವರ ಒಳ್ಳೆಯ ಬ್ರ್ಯಾಂಡಿನದು ಹಾಕಿ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಕಿಂಗ್ ಪಿನ್ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಗುಜರಿಯಿಂದ ತಂದದ್ದೂ ಹಾಕುವುದಿಲ್ಲ. ಅದರ ವಯಸ್ಸು ಯಾರಿಗೂ ಗೊತ್ತಿಲ್ಲ. ಬುಷ್, ಶಾಕ್ ರಬ್ಬರ್ ಇಂಥದರಲ್ಲಿ ಸ್ವಲ್ಪ ಕಡಿಮೆ ಬೆಲೆಯದು ಹಾಕಿದರೂ ನಷ್ಟ ದುಡ್ಡಿನದು ಮಾತ್ರ.

ಬಿಲ್ ಕೇಳಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆ ದರದ ಸ್ಟಿಕ್ಕರ್ ಇದ್ದರೆ ಕೇಳಿ. ಹಳೆ ಸಾಮಾನನ್ನೂ ವಾಪಸ್ ಕೇಳಿ ನೋಡಿ. ನಿಜವಾಗಿ ಬದಲಾಯಿಸಿದ್ದಾರೆ ಅಂತ ತಿಳಿಯುತ್ತದೆ. ಸವೆದದ್ದು ಹೇಗಿರುತ್ತದೆ ಅಂತ ಕೈಗೂ ಅಭ್ಯಾಸ ಆಗುತ್ತದೆ.

ಗ್ರೀಸ್ ಎಷ್ಟು ದಿನಕ್ಕೊಮ್ಮೆ?

ನಾನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತೇನೆ. ವಾಟರ್ ಸರ್ವಿಸ್ ಮಾಡಿಸಿದ ದಿನ ತಪ್ಪಿಸುವುದಿಲ್ಲ. ನಿಪ್ಪಲ್ ಒರೆಸಿಯೇ ಗನ್ ಹಚ್ಚಿ, ಇಲ್ಲದಿದ್ದರೆ ಮಣ್ಣನ್ನು ನೀವೇ ಒಳಗೆ ತಳ್ಳಿದ ಹಾಗೆ. ಕಿಂಗ್ ಪಿನ್‌ಗೆ ಹೊಡೆಯುವಾಗ ಮುಂಭಾಗ ಎತ್ತಿದ್ದರೆ ಗ್ರೀಸ್ ಎಲ್ಲ ಕಡೆ ಹೋಗುತ್ತದೆ. ಹಳೆ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ಒಂದು ನಿಪ್ಪಲ್ ಗ್ರೀಸ್ ತೆಗೆದುಕೊಳ್ಳುತ್ತಿಲ್ಲ ಅಂದರೆ ಬಿಟ್ಟು ಮುಂದೆ ಹೋಗಬೇಡಿ. ನಿಪ್ಪಲ್ ಬದಲಾಯಿಸಿ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಇದನ್ನೆಲ್ಲ ನೋಡುತ್ತಾರಾ?

ಸ್ಟೀರಿಂಗ್, ಸಸ್ಪೆನ್ಷನ್ ಎರಡೂ ಫಿಟ್‌ನೆಸ್ ತಪಾಸಣೆಯಲ್ಲಿ ಬರುತ್ತವೆ. ಬಾಡಿಗೆ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಕಲಬುರಗಿಯ ಕೆಎ 32 ಇರಲಿ, ಯಾದಗಿರಿಯ ಕೆಎ 33 ಇರಲಿ, ಬೀದರಿನ ಕೆಎ 38 ಇರಲಿ, ನಿಯಮ ಒಂದೇ. ಎಫ್‌ಸಿಗೆ ಒಂದು ತಿಂಗಳು ಮುಂಚೆ ಮೇಲೆ ಹೇಳಿದ ಪರೀಕ್ಷೆ ಮಾಡಿಕೊಂಡರೆ ಸಾಮಾನು ತರಿಸಲು ಸಮಯ ಸಿಗುತ್ತದೆ. ಕೊನೆ ದಿನ ಓಡಾಡಿದರೆ ಸಿಕ್ಕ ಸಾಮಾನನ್ನೇ ಹಾಕಬೇಕಾಗುತ್ತದೆ.

ಎಲ್ಲ ಒಮ್ಮೆಲೇ ಮಾಡಿಸಲು ದುಡ್ಡಿಲ್ಲ. ಯಾವುದು ಮೊದಲು?

ಈ ಪ್ರಶ್ನೆ ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ. ತೊಗರಿ ರೇಟ್ ಬಿದ್ದ ವರ್ಷ ನಾನೂ ಕಂತಿನಲ್ಲೇ ಮಾಡಿಸಿದ್ದೇನೆ.

ಕಳಚಿ ಬೀಳಬಹುದಾದದ್ದು ಮೊದಲು. ಟೈ ರಾಡ್, ಡ್ರ್ಯಾಗ್ ಲಿಂಕ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಸೆಂಟರ್ ಬೋಲ್ಟ್, ಯು ಬೋಲ್ಟ್, ಮುರಿದ ಮುಖ್ಯ ಪಟ್ಟಾ. ಇದರಲ್ಲಿ ಯಾವುದಾದರೂ ಹೋಗಿದ್ದರೆ ಗಾಡಿ ನಿಲ್ಲಿಸಿ, ಒಂದು ಬಾಡಿಗೆ ಬಿಟ್ಟರೂ ಚಿಂತೆಯಿಲ್ಲ. ಆಮೇಲೆ ಕಿಂಗ್ ಪಿನ್. ಅದು ನಿಧಾನವಾಗಿ ಸವೆಯುತ್ತದೆ, ಆದರೆ ಟೈರ್ ತಿನ್ನುತ್ತದೆ. ಟೈರಿನ ಬೆಲೆ ನೋಡಿದರೆ ಅದನ್ನೂ ಜಾಸ್ತಿ ದಿನ ತಳ್ಳಲಾಗುವುದಿಲ್ಲ. ಶಾಕ್, ಶ್ಯಾಕಲ್ (ಪಟ್ಟಾದ ತುದಿಯ ಕೊಂಡಿ) ಬುಷ್ ಒಂದು ತಿಂಗಳು ಕಾಯಬಹುದು, ವೇಗ ಕಡಿಮೆ ಇರಲಿ. ಅಲೈನ್‌ಮೆಂಟ್ ಎಲ್ಲದರ ಕೊನೆಗೆ ಒಂದೇ ಸಲ.

ದಾರಿಯಲ್ಲಿ ಹೋಗುವಾಗಲೇ ಏನೋ ಕಳಚಿದ ಹಾಗೆ ಅನಿಸಿದರೆ?

ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ, ಅಥವಾ ನೇರ ಹೋಗುವಾಗ ಸ್ಟೀರಿಂಗ್ ಓರೆಯಾಗಿ ನಿಂತರೆ ಎಕ್ಸಲೇಟರ್ ಬಿಡಿ. ಬ್ರೇಕ್ ಜೋರಾಗಿ ತುಳಿಯಬೇಡಿ, ಗಾಲಿಗಳು ಎರಡು ದಿಕ್ಕಿಗೆ ತಿರುಗಬಹುದು. ನಿಧಾನಕ್ಕೆ ಬದಿಗೆ ತನ್ನಿ. ಇಂಡಿಕೇಟರ್ ನಾಲ್ಕೂ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಕೆಳಗೆ ಬಗ್ಗಿ ನೋಡಿ. ಟೈ ರಾಡ್ ಕಳಚಿದ್ದರೆ ತಂತಿ ಕಟ್ಟಿ ಮನೆ ಮುಟ್ಟುವ ಯೋಚನೆ ಬೇಡ. ಬೇರೆ ಗಾಡಿಗೆ ಚೀಲ ದಾಟಿಸಿ, ಮಿಸ್ತ್ರಿಯನ್ನು ಅಲ್ಲಿಗೇ ಕರೆಸಿ. ಬರುವಾಗ ಎಂಡ್, ನಟ್, ಸ್ಪ್ಲಿಟ್ ಪಿನ್ ಮೂರನ್ನೂ ತರಲು ಹೇಳಿ. ಪಿನ್ ಮರೆತು ಬರುವವರೇ ಜಾಸ್ತಿ. ಅದಕ್ಕೇ ನನ್ನ ಗಾಡಿಯ ಡ್ಯಾಶ್ ಪೆಟ್ಟಿಗೆಯಲ್ಲಿ ಯಾವಾಗಲೂ ನಾಲ್ಕು ಹೊಸ ಪಿನ್ ಇರುತ್ತವೆ.